ಅಮ್ಮನ ಮೇಲೆ ಮಗಳ ದೂರು

‘ನಾಯಿ ನೆರಳು’ ಸಿನಿಮಾದ ರಾಜಲಕ್ಷ್ಮಿಯನ್ನು ತಪ್ಪಿತಸ್ಥೆ ಎಂದುಬಿಡುವುದು ಸುಲಭವಲ್ಲ. ಪಟ್ಟಣದಲ್ಲಿ ಓದುತ್ತಿರುವ ಹುಡುಗಿ. ಬುದ್ಧಿ ಬಂದಾಗಿನಿಂದ ವಿಧವೆ ಅಮ್ಮನನ್ನೇ ನೋಡಿ ಬೆಳೆದವಳು. ಒಂದು ದಿನ ಹೆಚ್ಚುಕಡಿಮೆ ತನ್ನದೇ ವಯಸ್ಸಿನ ವಿಶ್ವ ಎಂಬ ಹುಡುಗ ಬೇರೆ ಊರಿನಿಂದ ಬಂದು ಅವಳ ಮನೆಯ ಹೊಸಿಲು ದಾಟುತ್ತಾನೆ. ತೀರಿಹೋದ ಅವಳ ಅಪ್ಪನೇ ಮತ್ತೆ ಹುಟ್ಟಿ ಬಂದಿದ್ದಾನೆ ಎಂದು ಅಜ್ಜಿ ನಾಗಲಕ್ಷ್ಮಿ ನಂಬುತ್ತಾಳೆ. ಕಳೆದುಹೋದ ಮಗ ಸಿಕ್ಕಿದ ಎಂಬ ಸಂಭ್ರಮ ಅವಳದು. ಮಗ ಬಂದಮೇಲೆ ಸೊಸೆಗೆ ಗಂಡನೂ ಬಂದಂತಾಯಿತಲ್ಲ. ಮೊದಮೊದಲು ಒಲ್ಲೆ ಎನ್ನುವ ಅಮ್ಮ ವೆಂಕು ಕೊನೆಗೆ ಅವನನ್ನು ಒಪ್ಪಿಕೊಳ್ಳುತ್ತಾಳೆ. ಊರು ಆಡಿಕೊಳ್ಳುತ್ತದೆ. ಇಬ್ಬರೂ ನೀರು ಸುತ್ತುವರಿದ ಕುದುರಿಗೆ ಹೋಗಿ ಸಂಸಾರ ಹೂಡುತ್ತಾರೆ. ವೆಂಕು ಬಸುರಿಯಾಗುತ್ತಾಳೆ.

ಮಗಳಿಗೆ ಇದನ್ನು ಸಹಿಸಲಾಗುವುದಿಲ್ಲ. ಯಾರಿಗೆ ತಾನೇ ಆದೀತು? ಅಮ್ಮನಿಗೆ ಮೋಸವಾಗಿದೆ, ಮೂಢನಂಬಿಕೆಯ ಹೆಸರಿನಲ್ಲಿ ಒಬ್ಬ ಹುಡುಗ ಅವಳನ್ನು ಬಳಸಿಕೊಂಡಿದ್ದಾನೆ ಎಂಬುದು ಅವಳ ತಿಳಿವಳಿಕೆ. ಓದಿದ ಹುಡುಗಿ, ಕಾನೂನಿನ ಮೊರೆ ಹೋಗುತ್ತಾಳೆ. ವಿಶ್ವ ಜೈಲು ಸೇರುತ್ತಾನೆ. ಅಮ್ಮನನ್ನು ಬಿಡಿಸಿದೆ ಎಂದುಕೊಂಡು ಬಂದ ಮಗಳಿಗೆ ಅಮ್ಮ ಕೊಡುವ ಉತ್ತರಕ್ಕಾಗಿಯೇ ಈ ಸಿನಿಮಾ ಮಾಡಿದ್ದಾರೇನೋ ಎನಿಸುತ್ತದೆ. ಆ ಹುಡುಗ ತನ್ನ ಗಂಡನ ಮರುಹುಟ್ಟು ಎಂದು ವೆಂಕು ಯಾವತ್ತೂ ನಂಬಿರಲಿಲ್ಲ. ನಂಬಿದವರು ಉಳಿದವರೆಲ್ಲ. ಅವರ ನಂಬಿಕೆ ಅವಳಿಗೆ ಒಂದು ಬಾಗಿಲು ತೆರೆಯಿತು, ಅವಳು ಅದರೊಳಗಿಂದ ಹೊರಗೆ ನಡೆದಳು. ಈಗ ಮಗಳ ಹಿಂದೆ ಬಂದು ಮತ್ತೆ ಹಳೆಯ ಕೋಣೆಯಲ್ಲಿ ಕೂರಲು ಅವಳು ಸಿದ್ಧಳಿಲ್ಲ.

ಈ ಉತ್ತರ ಮಗಳ ಕಾಲಡಿಯ ನೆಲವನ್ನೇ ಕಿತ್ತುಬಿಡುತ್ತದೆ. ಅಮ್ಮ ಮೋಸಹೋದವಳಾಗಿದ್ದರೆ ಕ್ಷಮಿಸಬಹುದಿತ್ತು, ಕನಿಕರಪಡಬಹುದಿತ್ತು. ಅಮ್ಮ ತಿಳಿದೂ ತಿಳಿದೂ ಆರಿಸಿಕೊಂಡವಳು ಎಂದು ಗೊತ್ತಾದ ಕ್ಷಣ ಮಗಳ ಕೈಯಲ್ಲಿದ್ದ ನ್ಯಾಯ, ವಿಚಾರವಾದ, ಕಾನೂನು ಯಾವುದಕ್ಕೂ ಕೆಲಸವಿಲ್ಲದಂತಾಗುತ್ತದೆ. ಕನ್ನಡ ಸಿನಿಮಾದಲ್ಲಿ ತಾಯಿ ಮಗಳ ನಡುವಿನ ಬಿರುಕನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಕಾಣುವುದಿಲ್ಲ.

ಗಿರೀಶ ಕಾಸರವಳ್ಳಿ ನಿರ್ದೇಶಿಸಿದ, 2006ರಲ್ಲಿ ಬಂದ ಈ ಚಿತ್ರ ನಡೆಯುವುದು ನೀರಂಚಿನ ಊರಿನಲ್ಲಿ. ಆದರೆ ಅದರ ಬೇರುಗಳಲ್ಲಿ ಮುಖ್ಯವಾದವು ಮೈಸೂರಿನವು. ಮೂಲ ಕಾದಂಬರಿ ಎಸ್.ಎಲ್. ಭೈರಪ್ಪನವರದು, 1968ರದು. ಸಂತೇಶಿವರದಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಓದಿ, ಮೈಸೂರಿನಲ್ಲಿ ಪಾಠ ಹೇಳಿ, ಕುವೆಂಪುನಗರದಲ್ಲಿ ನೆಲೆಸಿದ್ದವರು. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ವೆಂಕುವಾಗಿ ಅಭಿನಯಿಸಿ ರಾಜ್ಯ ಪ್ರಶಸ್ತಿ ಪಡೆದ ಪವಿತ್ರಾ ಲೋಕೇಶ್ ಈ ಊರಿನ ಮಗಳು, ನಟ ಮೈಸೂರು ಲೋಕೇಶ್ ಅವರ ಮಗಳು. ಅತ್ತೆ ನಾಗಲಕ್ಷ್ಮಿಯಾದ ರಾಮೇಶ್ವರಿ ವರ್ಮ ಅವರನ್ನು ಮೈಸೂರಿನ ರಂಗಾಸಕ್ತರಿಗೆ ಪರಿಚಯಿಸಬೇಕಾಗಿಲ್ಲ. ವಿಜಯಾ ದಬ್ಬೆ ಮತ್ತು ಗೆಳತಿಯರು ಈ ಊರಿನಲ್ಲಿ ಕಟ್ಟಿದ ಮಹಿಳಾ ಚಳವಳಿಯೊಂದಿಗೆ ಅವರ ಹೆಸರೂ ಸೇರಿಕೊಂಡಿದೆ. ಹೆಣ್ಣಿನ ಸಮಾನತೆಗಾಗಿ ದುಡಿದವರೇ ಮಗನ ಮೋಹದಲ್ಲಿ ಮುಳುಗಿದ ಸಂಪ್ರದಾಯಸ್ಥ ಅತ್ತೆಯ ಪಾತ್ರಕ್ಕೆ ಬಂದು, ಆ ಹೆಂಗಸನ್ನು ಎಲ್ಲಿಯೂ ಸಣ್ಣವಳನ್ನಾಗಿ ಮಾಡದೆ ನಿಭಾಯಿಸಿದ್ದಾರೆ. ಸೊಸೆಯ ಬಿಡುಗಡೆಗೆ ದಾರಿ ಮಾಡಿಕೊಡುವುದು ಅತ್ತೆಯ ಮೂಢನಂಬಿಕೆ, ಅದಕ್ಕೆ ಅಡ್ಡ ಬರುವುದು ಮಗಳ ತಿಳಿವಳಿಕೆ. ಈ ಅದಲುಬದಲಿನಲ್ಲಿ ಚಿತ್ರದ ಶಕ್ತಿಯಿದೆ. ರಾಜಲಕ್ಷ್ಮಿಯಾಗಿ ಕಾಣಿಸಿಕೊಂಡವರು ನಿರ್ದೇಶಕರ ಮಗಳು ಅನನ್ಯಾ ಕಾಸರವಳ್ಳಿ.

ಪುನರ್ಜನ್ಮದ ಸತ್ಯಾಸತ್ಯದ ಪ್ರಶ್ನೆ ಕಾದಂಬರಿಯಲ್ಲಿ ದೊಡ್ಡದು. ಕಾಸರವಳ್ಳಿ ಆ ಪ್ರಶ್ನೆಯನ್ನು ಬದಿಗೆ ಸರಿಸಿ, ಒಂದೇ ಮನೆಯ ಮೂರು ತಲೆಮಾರಿನ ಹೆಂಗಸರಿಗೆ ಆ ಹುಡುಗ ಏನೇನು ಆಗುತ್ತಾನೆ ಎಂಬುದನ್ನು ಹಿಡಿದರು. ಒಬ್ಬಳಿಗೆ ಮಗ, ಒಬ್ಬಳಿಗೆ ಗಂಡ, ಒಬ್ಬಳಿಗೆ ಅಪ್ಪ. ಅಪ್ಪನಾಗಿ ಅವನನ್ನು ಸ್ವೀಕರಿಸಲಾಗದವಳೇ ದೂರು ಕೊಡುವವಳು.

ಭೈರಪ್ಪನವರದೇ ‘ವಂಶವೃಕ್ಷ’ದ ಕಾತ್ಯಾಯಿನಿ ಇಲ್ಲಿ ನೆನಪಾಗದೆ ಇರಳು. ನಂಜನಗೂಡಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಕಾಲೇಜಿಗೆ ಓಡಾಡುವ ಎಳೆಯ ವಿಧವೆ. ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾಗುತ್ತಾಳೆ, ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಗಳ ಬಳಿಯೇ ಬಿಟ್ಟು ಬರಬೇಕಾಗುತ್ತದೆ. ಬೆಳೆದ ಮಗ ಮುಂದೆ ಅವಳನ್ನು ತಾಯಿ ಎಂದು ಕರೆಯಲು ಒಪ್ಪುವುದಿಲ್ಲ. ಅವಳು ಕೊರಗಿ ಕೊರಗಿ ಸಾಯುತ್ತಾಳೆ. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ್ ಅದನ್ನು 1971ರಲ್ಲಿ ಸಿನಿಮಾ ಮಾಡಿದರು. ಮಗ ತಾಯಿಯನ್ನು ನಿರಾಕರಿಸಿದರೆ ಕಥೆ ಸಾವಿನಲ್ಲಿ ಮುಗಿಯುತ್ತದೆ. ಮಗನಿಗೆ ವಂಶವಿದೆ, ಅಜ್ಜನ ಮನೆಯಿದೆ, ತಾಯಿಯನ್ನು ಬಿಟ್ಟೂ ಅವನು ಇಡಿಯಾಗಿ ಉಳಿಯಬಲ್ಲ. ಮಗಳು ಹಾಗೆ ಉಳಿಯಲಾರಳು. ಅದಕ್ಕೇ ಅವಳು ತಾಯಿಯನ್ನು ಬಿಟ್ಟು ಹೋಗುವುದಿಲ್ಲ, ಮತ್ತೆ ಮತ್ತೆ ಬಂದು ಜಗಳವಾಡುತ್ತಾಳೆ.

ಜಗಳ ಏಕೆ ಎಂದು ಕೇಳಿದರೆ ನಮ್ಮ ಹಿರಿಯರು ಆಡಿಕೊಂಡು ಬಂದ ಒಂದು ಗಾದೆಯಲ್ಲೇ ಕಾರಣವಿದೆ: ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇದನ್ನು ಮೆಚ್ಚುಗೆಗೆ ಆಡಿದ್ದಕ್ಕಿಂತ ಎಚ್ಚರಿಕೆಗೆ ಆಡಿದ್ದೇ ಹೆಚ್ಚು. ಹೆಣ್ಣು ನೋಡಲು ಬಂದವರು ಹೆಣ್ಣಿನ ತಾಯಿಯನ್ನು ನೋಡುತ್ತಿದ್ದರು. ಅವಳ ಮಾತು, ನಡೆ, ಅವಳ ಬಗ್ಗೆ ಬೀದಿಯಲ್ಲಿ ಕೇಳಿಬಂದ ಒಂದು ಅರ್ಧ ಮಾತು, ಇವುಗಳ ಮೇಲೆ ಸಂಬಂಧ ಕುದುರುತ್ತಿತ್ತು ಅಥವಾ ಮುರಿಯುತ್ತಿತ್ತು. ಮೈಸೂರಿನ ಅಗ್ರಹಾರದಲ್ಲಿರಲಿ, ಚಾಮರಾಜಪುರಂನಲ್ಲಿರಲಿ, ತಾಯಿಯ ಹೆಸರು ಮಗಳ ಪಾಲಿಗೆ ಬಂಡವಾಳ. ಆ ಹೆಸರಿಗೆ ಕುಂದು ಬಂದರೆ ಬೆಲೆ ತೆರುವವಳು ಮಗಳು. ಹಾಗಾಗಿ ತಾಯಿಯ ನಡತೆಗೆ ಮನೆಯೊಳಗೇ ಕಾವಲು ಕೂರುವವಳೂ ಮಗಳೇ. ಗಂಡ ಇಲ್ಲದ ಮನೆಯಲ್ಲಂತೂ ಆ ಕೆಲಸ ಪೂರ್ತಿ ಅವಳ ಪಾಲಿಗೇ ಬರುತ್ತದೆ. ಪ್ರೀತಿ ಕಡಿಮೆಯಾಗಿ ಹುಟ್ಟುವ ಜಗಳ ಇದಲ್ಲ. ಒಬ್ಬಳ ಬದುಕಿನ ಲೆಕ್ಕವನ್ನು ಇನ್ನೊಬ್ಬಳ ಮೈಮೇಲೆ ಬರೆಯುವ ಏರ್ಪಾಟಿನಿಂದ ಹುಟ್ಟುವ ಜಗಳ.

ನಮ್ಮ ಜನಪ್ರಿಯ ಸಿನಿಮಾ ಇದನ್ನು ಹೆಚ್ಚಾಗಿ ಮುಟ್ಟಲಿಲ್ಲ. ತೆರೆಯ ಮೇಲಿನ ತಾಯಿ ನಾಯಕನ ತಾಯಿ. ಮಗ ಅವಳ ಕಣ್ಣೀರು ಒರೆಸಲು ಹುಟ್ಟಿದವನು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರಿಗೆ ಜೋಡಿಯಾಗಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾಗಿ ಅಭಿನಯಿಸಿದರು. ಮಗಳ ತಾಯಿಗೆ ಸಿಕ್ಕ ದೊಡ್ಡ ಪಾತ್ರ 1969ರ ‘ಗೆಜ್ಜೆ ಪೂಜೆ’ಯಲ್ಲಿ ಲೀಲಾವತಿ ಅಭಿನಯಿಸಿದ ಅಪರ್ಣ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್‌ನಿಂದ ಬಂದ ಪುಟ್ಟಣ್ಣ ತೆರೆಗೆ ತಂದರು. ತಾಯಿಯ ಕುಲಕಸುಬಿನ ಕಳಂಕದಿಂದ ಪಾರಾಗಿ ಸಂಸಾರಸ್ಥೆಯಾಗಬೇಕೆಂಬ ಆಸೆ ಮಗಳು ಚಂದ್ರಳದು. ಕಲ್ಪನಾ ಆ ಪಾತ್ರದಲ್ಲಿ. ಅವಳ ಓದು, ಗುಣ, ಪ್ರೀತಿ ಯಾವುದೂ ತಾಯಿಯ ಹೆಸರಿನ ಮುಂದೆ ನಿಲ್ಲುವುದಿಲ್ಲ, ಕೊನೆಗೆ ಪ್ರಾಣ ಕಳೆದುಕೊಳ್ಳುತ್ತಾಳೆ. ಪುಟ್ಟಣ್ಣ ತಾಯಿಯನ್ನು ಖಳನಾಯಕಿಯಾಗಿ ಮಾಡಲಿಲ್ಲ. ಆದರೆ ತಾಯಿಗೆ ತನ್ನದೇ ಆದ ಆಸೆಯನ್ನೂ ಕೊಡಲಿಲ್ಲ. ಮಗಳಿಗಾಗಿ ಅಳುವುದು ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. ಕಲ್ಪನಾ ಅವರ ಅಭಿನಯವನ್ನು ಇವತ್ತಿಗೂ ಮೆಚ್ಚುವ ನಾನು ಈ ಕೊರತೆಯನ್ನು ಮಾತ್ರ ಒಪ್ಪಲಾರೆ.

ಸಿನಿಮಾ ಬಿಟ್ಟ ಜಾಗವನ್ನು ಕಾದಂಬರಿ ತುಂಬಿತು. ಆ ಕೆಲಸ ಮಾಡಿದವರಲ್ಲಿ ಮೊದಲು ಹೇಳಬೇಕಾದ ಹೆಸರು ತ್ರಿವೇಣಿಯವರದು. 1928ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದ ಅನಸೂಯಾ ಶಂಕರ್ ತ್ರಿವೇಣಿ ಎಂಬ ಹೆಸರಿನಲ್ಲಿ ಮಾಡಿದ ಹತ್ತೇ ವರ್ಷದ ಬರವಣಿಗೆಯಲ್ಲಿ ಕನ್ನಡದ ಮನೆಮನೆಯ ಹೆಂಗಸರ ಮನಸ್ಸಿನೊಳಗೆ ದೀಪ ಹಿಡಿದರು. ‘ಶರಪಂಜರ’, ‘ಬೆಳ್ಳಿ ಮೋಡ’ ಪುಟ್ಟಣ್ಣನವರ ಸಿನಿಮಾಗಳಿಂದ ಎಲ್ಲರಿಗೂ ಗೊತ್ತು. ನಮ್ಮ ವಿಷಯಕ್ಕೆ ಹತ್ತಿರದ್ದು ‘ಹೂವು ಹಣ್ಣು’. ಮಗಳನ್ನು ಸಾಕಲು ಮೈ ಮಾರಿಕೊಳ್ಳುವ ತಾಯಿ, ತನ್ನ ಬದುಕಿನ ನೆರಳು ಸೋಕದಂತೆ ಅವಳನ್ನು ದೂರವಿಟ್ಟು ಓದಿಸುತ್ತಾಳೆ. ಮಗಳಿಗೆ ಗೊತ್ತಾಗಬಾರದು ಎಂಬುದೇ ಅವಳ ವ್ರತ. ಅಂದರೆ ಮಗಳು ದೂರು ಕೊಡುವ ಮೊದಲೇ ತಾಯಿ ಶಿಕ್ಷೆ ಅನುಭವಿಸಲು ಶುರುಮಾಡಿರುತ್ತಾಳೆ. ರಾಜೇಂದ್ರಸಿಂಗ್ ಬಾಬು 1993ರಲ್ಲಿ ಅದನ್ನು ಸಿನಿಮಾ ಮಾಡಿದಾಗ ತಾಯಿಯಾಗಿ ಲಕ್ಷ್ಮಿ ಅಭಿನಯಿಸಿದರು. ಈ ತಾಯಿ ಮಗಳು ಒಮ್ಮೆಯಾದರೂ ಎದುರುಬದುರು ಕೂತು ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕಥೆಯನ್ನು ನೆನೆದಾಗಲೆಲ್ಲ ಅನಿಸುತ್ತದೆ. ಮುಚ್ಚಿಟ್ಟ ತ್ಯಾಗಕ್ಕಿಂತ ಬಿಚ್ಚಿದ ಜಗಳ ಮೇಲು.

ತ್ರಿವೇಣಿಯವರು 1963ರ ಜುಲೈನಲ್ಲಿ, ಹೆಣ್ಣುಮಗುವಿಗೆ ಜನ್ಮಕೊಟ್ಟ ಕೆಲವೇ ದಿನಗಳಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟುಹೋದ ಕಾದಂಬರಿಯ ಹೆಸರು ‘ಅವಳ ಮಗಳು’. ಅದನ್ನು ಮುಗಿಸಿದವರು ಎಂ.ಸಿ. ಪದ್ಮಾ. ಜಗಳವಾಡಲು ತಾಯಿಯೇ ಇರದ ಆ ಮಗಳು ಬೆಳೆದು, ಚಾಮರಾಜಪುರಂನ ಮನೆಯನ್ನು ತಾಯಿಯ ನೆನಪಿನ ವಸ್ತುಸಂಗ್ರಹಾಲಯವಾಗಿ ಉಳಿಸುವ ಕೆಲಸಕ್ಕೆ ಮುಂದೆ ನಿಂತರು. ಪುಸ್ತಕಗಳಿಂದ ತಾಯಿಯನ್ನು ತಿಳಿದುಕೊಳ್ಳಬೇಕಾದ ಮಗಳ ಪಾಡನ್ನು ತ್ರಿವೇಣಿಯವರೇ ಬರೆಯಬೇಕಿತ್ತು, ಬೇರೆಯವರಿಂದ ಆಗುವ ಮಾತಲ್ಲ.

ಇಟಲಿಯ ಸಿನಿಮಾ ಈ ಜಗಳಕ್ಕೆ ನಮಗಿಂತ ಮೊದಲೇ ಮುಖ ಕೊಟ್ಟಿತು. ಅಲ್ಲಿಯೂ ಮನೆಯ ಮಾನ ಹೆಣ್ಣಿನ ಮೈಮೇಲೆಯೇ ನಿಂತಿತ್ತು, ಅಲ್ಲಿಯೂ ದೇವರ ತಾಯಿಯ ಪಟ ಗೋಡೆಗೆ ತೂಗುತ್ತಿತ್ತು. ವಿತ್ತೋರಿಯೊ ಡಿ ಸಿಕಾ ನಿರ್ದೇಶಿಸಿದ, 1960ರ ‘ಲಾ ಚೊಚಾರಾ’ ಆಲ್ಬೆರ್ತೊ ಮೊರಾವಿಯಾನ ಕಾದಂಬರಿಯಿಂದ ಬಂದದ್ದು. ಹೊರದೇಶಗಳಲ್ಲಿ ಅದು ‘ಟೂ ವಿಮೆನ್’ ಎಂದು ಹೆಸರಾಯಿತು. ರೋಮ್‌ನಲ್ಲಿ ಅಂಗಡಿ ಇಟ್ಟುಕೊಂಡ ವಿಧವೆ ಚೆಸಿರಾ, ಬಾಂಬು ಬೀಳತೊಡಗಿದಾಗ ಎಳೆಯ ಮಗಳು ರೊಸೆತ್ತಾಳನ್ನು ಕಟ್ಟಿಕೊಂಡು ತನ್ನ ಹುಟ್ಟೂರಿನ ಬೆಟ್ಟಗಳ ಕಡೆಗೆ ಓಡುತ್ತಾಳೆ. ಅಲ್ಲಿ ಮಿಕೇಲೆ ಎಂಬ ಓದಿದ ತರುಣ ಇಬ್ಬರಿಗೂ ಹತ್ತಿರದವನಾಗುತ್ತಾನೆ. ಮಗಳನ್ನು ಉಳಿಸುವುದೊಂದೇ ಚೆಸಿರಾಳ ಹಟ. ಯುದ್ಧ ಮುಗಿಯಿತು, ಇನ್ನು ಮನೆಗೆ ಹೋಗೋಣ ಎಂದು ಹೊರಟ ದಾರಿಯಲ್ಲಿ, ಒಡೆದ ಚರ್ಚೊಂದರಲ್ಲಿ, ಮಿತ್ರಪಕ್ಷದ ಫ್ರೆಂಚ್ ಸೇನೆಯಲ್ಲಿದ್ದ ಮೊರಾಕ್ಕೊ ಸೈನಿಕರು ಇಬ್ಬರ ಮೇಲೂ ಅತ್ಯಾಚಾರ ಮಾಡುತ್ತಾರೆ. 1944ರ ಮೇ ತಿಂಗಳಲ್ಲಿ ಮೊಂತೆ ಕಸಿನೊ ಕದನದ ನಂತರ ಆ ಸೀಮೆಯ ಹೆಂಗಸರ ಮೇಲೆ ನಿಜವಾಗಿ ನಡೆದ ದೌರ್ಜನ್ಯ ಇದರ ಹಿಂದಿದೆ.

ಆದರೆ ಸಿನಿಮಾದ ತಿರುಳು ಅದರ ನಂತರದ ಭಾಗದಲ್ಲಿದೆ. ಮಗಳು ಅಳುವುದಿಲ್ಲ. ಅಮ್ಮನೊಂದಿಗೆ ಮಾತೂ ಆಡುವುದಿಲ್ಲ. ಅವಳ ಮುಖ ಮುಚ್ಚಿಕೊಂಡುಬಿಡುತ್ತದೆ. ಕಾಪಾಡುತ್ತೇನೆ ಎಂದು ಹೇಳಿ ಕರೆತಂದವಳು ಕಾಪಾಡಲಿಲ್ಲ. ಬಾಯಿ ಬಿಟ್ಟು ಹೇಳದ ದೂರು ಇದು. ರಾತ್ರಿ ಅವಳು ಮನೆಯಲ್ಲಿಲ್ಲ. ಲಾರಿ ಓಡಿಸುವವನೊಬ್ಬನ ಜೊತೆ ಹೋಗಿ, ಅವನು ಕೊಟ್ಟ ನೈಲಾನ್ ಕಾಲುಚೀಲದ ಜೊತೆ ಮರಳುತ್ತಾಳೆ. ಯುದ್ಧಕಾಲದ ಇಟಲಿಯಲ್ಲಿ ಅದು ಹೆಣ್ಣುಮಗಳಿಗೆ ಸಿಗಬಹುದಾದ ಬೆಲೆಬಾಳುವ ಉಡುಗೊರೆ. ಚೆಸಿರಾ ಕೈ ಎತ್ತುತ್ತಾಳೆ. ಆ ಹೊಡೆತದಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚು. ಹುಡುಗಿ ಕಲ್ಲಾಗಿ ನಿಲ್ಲುತ್ತಾಳೆ. ಮಿಕೇಲೆ ಸತ್ತುಹೋದ ಸುದ್ದಿಯನ್ನು ತಾಯಿ ಹೇಳಿದಾಗ ಮಾತ್ರ ಅವಳು ಮತ್ತೆ ಮಗುವಾಗಿ ಬಿಕ್ಕುತ್ತಾಳೆ. ತಮ್ಮಿಬ್ಬರ ಮೇಲೆ ನಡೆದುದಕ್ಕೆ ಅವರು ಒಟ್ಟಿಗೆ ಅಳಲಾರದೆ ಹೋಗುತ್ತಾರೆ. ಮೂರನೆಯವನ ಸಾವಿಗೆ ಒಟ್ಟಿಗೆ ಅಳುತ್ತಾರೆ. ನಮ್ಮ ಮನೆಗಳಲ್ಲಿಯೂ ಎಷ್ಟೋ ತಾಯಿ ಮಕ್ಕಳು ಒಂದಾಗುವುದು ಇನ್ಯಾರದೋ ಸಾವಿನ ಮನೆಯಲ್ಲಿ.

ಚೆಸಿರಾ ಆದ ಸೋಫಿಯಾ ಲೊರೆನ್‌ಗೆ ಆಗ ಇಪ್ಪತ್ತೈದು ಇಪ್ಪತ್ತಾರು. ಮೊದಲ ಯೋಚನೆಯಲ್ಲಿ ಅವಳು ಮಗಳಾಗಬೇಕಿತ್ತು, ತಾಯಿಯ ಪಾತ್ರಕ್ಕೆ ಅನ್ನಾ ಮನ್ಯಾನಿಯ ಹೆಸರಿತ್ತು. ಮನ್ಯಾನಿ ಒಪ್ಪಲಿಲ್ಲ, ಲೊರೆನ್ ತಾಯಿಯಾದಳು. ಯುದ್ಧದ ಹಸಿವು, ಬಾಂಬಿನ ಭಯ ಇವನ್ನೆಲ್ಲ ನೇಪಲ್ಸ್ ಪಕ್ಕದ ಪೊತ್ಸುವೊಲಿಯಲ್ಲಿ ತಾಯಿಯ ಜೊತೆ ಕಂಡು ಬೆಳೆದವಳು ಅವಳು. ಅಭಿನಯಕ್ಕೆ ಬೇಕಾದ ಸಾಮಗ್ರಿ ಅವಳ ಬಾಲ್ಯದಲ್ಲಿಯೇ ಇತ್ತು. ಇಂಗ್ಲಿಷ್ ಅಲ್ಲದ ಭಾಷೆಯ ಪಾತ್ರಕ್ಕೆ ಶ್ರೇಷ್ಠ ನಟಿಯ ಆಸ್ಕರ್ ಬಂದದ್ದು ಅದೇ ಮೊದಲು.

ಇನ್ನೊಂದು ಚಿತ್ರ ‘ನಾಯಿ ನೆರಳು’ಗೆ ಇದಕ್ಕಿಂತ ಹತ್ತಿರದ್ದು. ಎಲೆನಾ ಫೆರಾಂತೆಯ ಮೊದಲ ಕಾದಂಬರಿಯನ್ನು ಮಾರಿಯೊ ಮಾರ್ತೊನೆ 1995ರಲ್ಲಿ ‘ಲಾಮೋರೆ ಮೊಲೆಸ್ತೊ’ ಎಂಬ ಹೆಸರಿನಲ್ಲೇ ತೆರೆಗೆ ತಂದ. ತಾಯಿ ಅಮಾಲಿಯಾ ಸಮುದ್ರದಲ್ಲಿ ಮುಳುಗಿ ಸತ್ತಿದ್ದಾಳೆ. ನಡುವಯಸ್ಸಿನ ಮಗಳು ದೇಲಿಯಾ ನೇಪಲ್ಸ್‌ಗೆ ಮರಳಿ, ಮಳೆ ಸುರಿಯುವ ಬೀದಿಗಳಲ್ಲಿ ಅಮ್ಮನ ಕೊನೆಯ ದಿನಗಳನ್ನು ಹುಡುಕುತ್ತಾಳೆ. ಹುಡುಕಾಟ ಅವಳನ್ನು ಕರೆದೊಯ್ಯುವುದು ತನ್ನದೇ ಒಂದು ಹಳೆಯ ಮಾತಿನ ಬಳಿಗೆ. ಚಿಕ್ಕವಳಿದ್ದಾಗ ಅವಳು ಅಪ್ಪನ ಬಳಿ ಅಮ್ಮನ ಮೇಲೆ ಚಾಡಿ ಹೇಳಿದ್ದಳು: ಅಮ್ಮ ಇನ್ನೊಬ್ಬ ಗಂಡಸಿನ ಜೊತೆ ಇದ್ದಳು ಎಂದು. ಮೊದಲೇ ಅನುಮಾನದ ಪಿಶಾಚಿಯಾಗಿದ್ದ ಅಪ್ಪ ತಾಯಿಯನ್ನು ಹೊಡೆದು ಹಣ್ಣು ಮಾಡಿದ. ನಿಜವಾಗಿ ನಡೆದಿದ್ದು ಬೇರೆ. ಒಬ್ಬ ಮುದುಕ ಆ ಮಗುವನ್ನೇ ಕೆಡಿಸಿದ್ದ. ತನ್ನ ಮೇಲಾದದ್ದನ್ನು ಹೇಳಲು ಬಾಯಿಲ್ಲದ ಮಗು ಅದನ್ನು ತಾಯಿಯ ಮೈಗೆ ಅಂಟಿಸಿ ಹೇಳಿತ್ತು.

ಅಲ್ಲಿ ಐದು ವರ್ಷದ ಮಗು ಅಪ್ಪನಿಗೆ ಹೇಳಿದ್ದು, ಇಲ್ಲಿ ಕಾಲೇಜು ಹುಡುಗಿ ಪೊಲೀಸರಿಗೆ ಹೇಳಿದ್ದು. ಕೇಳುವ ಕಿವಿ ಎರಡು ಕಡೆಯೂ ಅಧಿಕಾರದ್ದು. ತಾಯಿ ಎಲ್ಲಿ ಹೋದಳು, ಯಾರ ಜೊತೆ ನಕ್ಕಳು ಎಂಬುದನ್ನು ಅತಿ ಹತ್ತಿರದಿಂದ ಕಂಡವಳು ಮಗಳು, ಆದ್ದರಿಂದ ಅವಳ ಸಾಕ್ಷ್ಯಕ್ಕೆ ಬೆಲೆ ಜಾಸ್ತಿ. ಹೆಂಗಸನ್ನು ಅಂಕೆಯಲ್ಲಿಡಬೇಕೆನ್ನುವ ವ್ಯವಸ್ಥೆಗೆ ಮನೆಯೊಳಗೇ ಇಂಥ ಸಾಕ್ಷಿ ಸಿಕ್ಕಮೇಲೆ ಬೇರೆ ಕಾವಲುಗಾರ ಏಕೆ? ತಾಯಿ ಮಗಳ ಜಗಳವನ್ನು ಇಬ್ಬರು ಹೆಂಗಸರ ಮನಸ್ತಾಪ ಎಂದು ಪಕ್ಕಕ್ಕಿಡುವವರು, ಆ ಜಗಳದ ತೀರ್ಪನ್ನು ಜಾರಿಗೆ ತರುವ ಕೈ ಯಾರದು ಎಂದು ಒಮ್ಮೆ ನೋಡಬೇಕು.

ಮೈಸೂರಿನಂಥ ಊರಿನಲ್ಲಿ ಇದಕ್ಕೆ ಇನ್ನೂ ಒಂದು ಮಗ್ಗುಲಿದೆ. 1881ರಲ್ಲಿಯೇ ಇಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅದೇ ಬೆಳೆದು ಕಾಲೇಜಾಯಿತು. ಅಡುಗೆಮನೆ ದಾಟದ ತಾಯಂದಿರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸಿದರು. ಓದಿದ ಮಗಳು ಮನೆಗೆ ಬಂದು ತಾಯಿಯ ಮಡಿ, ವ್ರತ, ಹರಕೆಗಳನ್ನೆಲ್ಲ ಅಜ್ಞಾನ ಎಂದು ಕರೆದಳು. ತಾಯಿಗೆ ಹೆಮ್ಮೆಯೂ ಆಯಿತು, ಗಾಯವೂ ಆಯಿತು. ಅಕ್ಷರ ಕಲಿತವರ ಪಕ್ಷವನ್ನೇ ವಹಿಸಿ ಬೆಳೆದ ನಮಗೆ ‘ನಾಯಿ ನೆರಳು’ ಕಸಿವಿಸಿ ಉಂಟುಮಾಡುವುದು ಈ ಕಾರಣಕ್ಕೆ. ರಾಜಲಕ್ಷ್ಮಿ ನಮ್ಮ ಕಡೆಯವಳು. ಪುನರ್ಜನ್ಮ ಸುಳ್ಳು ಎನ್ನುವಲ್ಲಿ ಅವಳು ನೂರಕ್ಕೆ ನೂರು ಸರಿ. ಆದರೆ ಅಮ್ಮನಿಗೆ ಏನು ಬೇಕು ಎಂದು ಅಮ್ಮನನ್ನೇ ಕೇಳಬೇಕಿತ್ತು. ಕೇಳಲಿಲ್ಲ. ವಿಧವೆ ಸೊಸೆ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಬತ್ತಿಹೋಗುತ್ತಿದ್ದಾಗ ಯಾವ ಠಾಣೆಗೂ ಯಾರೂ ದೂರು ಕೊಟ್ಟಿರಲಿಲ್ಲ ಎಂಬುದನ್ನೂ ಅವಳು ಯೋಚಿಸಲಿಲ್ಲ. ಕಾಸರವಳ್ಳಿ ಅವಳನ್ನು ಕೆಟ್ಟವಳೆಂದು ತೋರಿಸುವುದಿಲ್ಲ, ವೆಂಕುವನ್ನು ಕ್ರಾಂತಿಕಾರಿಯಾಗಿಯೂ ಮೆರೆಸುವುದಿಲ್ಲ. ವೆಂಕು ಪಡೆದ ಬಿಡುಗಡೆಯಲ್ಲಿ ಅವಮಾನವಿದೆ, ಒಂಟಿತನವಿದೆ, ಜೈಲಿಗೆ ಹೋದ ಎಳೆಯ ಗಂಡಸಿನ ಮೇಲೆ ಪೂರ್ತಿ ಭರವಸೆಯಿಡಲಾಗದ ಸಂಕಟವಿದೆ. ಅಷ್ಟೆಲ್ಲ ಇದ್ದೂ ಅದು ಅವಳ ಆಯ್ಕೆ.

ಇಂಥ ಚಿತ್ರವನ್ನು ಇವತ್ತಿನ ತಾಯಿ ಮಗಳು ಒಟ್ಟಿಗೆ ಕೂತು ದೊಡ್ಡ ತೆರೆಯಲ್ಲಿ ನೋಡುವಂತಾಗಬೇಕು. ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’, ಹೊಸದಾಗಿ ಸಂರಕ್ಷಣೆಗೊಂಡು 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದರಲ್ಲಿಯೂ ಒಬ್ಬ ವಿಧವೆಯಿದ್ದಾಳೆ, ಬಸುರಾದ ಆ ಯಮುನಕ್ಕನಿಗೆ ಹೆತ್ತ ಅಪ್ಪನೇ ಬದುಕಿರುವಾಗಲೇ ಶ್ರಾದ್ಧ ಮಾಡುತ್ತಾನೆ. ಇಪ್ಪತ್ತೊಂಬತ್ತು ವರ್ಷದ ನಂತರ ಅದೇ ನಿರ್ದೇಶಕನ ವೆಂಕು ಬಸುರಾಗಿಯೂ ಬದುಕುತ್ತಾಳೆ, ಮಗಳಿಗೆ ಎದುರುತ್ತರವನ್ನೂ ಕೊಡುತ್ತಾಳೆ. ಎರಡನ್ನೂ ಒಂದೇ ವಾರದಲ್ಲಿ ಮೈಸೂರಿನಲ್ಲಿ ತೋರಿಸುವ ಏರ್ಪಾಡನ್ನು ಇಲ್ಲಿನ ವಿಶ್ವವಿದ್ಯಾಲಯವೋ ಚಿತ್ರಾಸಕ್ತರ ಬಳಗವೋ ಮಾಡಲಿ. ಮಹಾರಾಣಿ ಕಾಲೇಜಿನ ಹುಡುಗಿಯರಿಗೆ ಒಂದು ಟಿಕೆಟ್ಟಿಗೆ ಇನ್ನೊಂದು ಉಚಿತ ಎಂದಿಡಲಿ, ಆ ಎರಡನೆಯದು ಅವರ ಅಮ್ಮಂದಿರಿಗೆ.